ನನ್ನ ಲಿವರ್ ರಿಪೋರ್ಟೂ ಅಪ್ಪನ ಅನುಮಾನವೂ

ಗೆಳೆಯರೇ, ನಲವತ್ತು ವರ್ಷಗಳಲ್ಲಿ ಒಂದು ಹನಿ ಹೆಂಡ ಮುಟ್ಟದ ನಾನು ಇಂದು ಡಾಕ್ಟರ ಮುಂದೆ ಕುಡುಕನಾಗಿ ಕೂತಿದ್ದೆ. ಆಫೀಸಿನ ತಪಾಸಣೆಯಲ್ಲಿ ಲಿವರ್ ಎನ್‌ಜೈಮ್ ಸ್ವಲ್ಪ ಜಾಸ್ತಿ ಬಂದಿತ್ತು, ಅಷ್ಟೇ. ಆದರೆ ನನ್ನ ಚಿಕ್ಕಪ್ಪ ಕುಡಿದು ಲಿವರ್ ಕೆಟ್ಟು ತೀರಿಕೊಂಡವರು. ನಿನ್ನೆ ರಿಪೋರ್ಟ್ ಓದಿದಾಗಿನಿಂದ ಅಪ್ಪ ಊಟ ಮಾಡಿರಲಿಲ್ಲ.

ಮೈಲಾಪೂರಿನ ಡಾಕ್ಟರಮ್ಮ ಕನ್ನಡದವರೇ. "ಕುಡೀತೀರಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಇಲ್ಲ ಅಂತಾನೆ ಡಾಕ್ಟ್ರೇ. ನನ್ನ ತಮ್ಮನೂ ಹಾಗೇ ಅಂತಿದ್ದ" ಎಂದರು.

"ಮಾತ್ರೆ, ಇಲ್ಲಿ ನಾಟ್ಟು ಮರುಂದು ಅಂತಾರಲ್ಲ ಆ ನಾಟಿ ಔಷಧಿ, ಕಷಾಯ ಏನಾದ್ರೂ ತಗೋತಿದೀರಾ?"

ಅಪ್ಪನ ದನಿ ಇಳಿಯಿತು. "ಶುಗರ್ ಬರಬಾರದೂಂತ ದಿನಾ ನಾನೇ ಒಂದು ಬೇರಿನ ಪುಡಿ ಕೊಡ್ತಿದೀನಿ."

"ಅದೂ ಕಾರಣ ಇರಬಹುದು, ಈ ಹೊಟ್ಟೆಯ ಬೊಜ್ಜೂ ಇರಬಹುದು. ಕುಡೀದೇ ಇರೋರಿಗೂ ಏರುತ್ತೆ ಸರ್. ಇಷ್ಟಕ್ಕೇ ಲಿವರ್ ಹೋಯ್ತು ಅಂತಲ್ಲ. ಪುಡಿ ನಿಲ್ಲಿಸಿ, ದಿನಾ ನಡೀಲಿ, ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಲಿ. ಆಗಲೂ ಇಳೀದಿದ್ರೆ ಸ್ಕ್ಯಾನ್ ಮಾಡಿಸೋಣ."

ಆಟೋದಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣೋ, ಹೆದರಿಬಿಟ್ಟಿದ್ದೆ" ಎಂದರು. ಕೋಪ ಎಲ್ಲಿಂದ ಬರಬೇಕು? ಮನೆಗೆ ಬಂದು ಎರಡು ಸಲ ಸಾರನ್ನ ಬಡಿಸಿಕೊಂಡು ಉಂಡರು. ಆಮೇಲೆ ಮೆಲ್ಲಗೆ, ನಿನ್ನೆಯೇ ಬಂಧುಗಳಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿರುವುದಾಗಿ ಒಪ್ಪಿಕೊಂಡರು.

ಈಗಷ್ಟೇ ಪಲ್ಲಾವರಂನಿಂದ ತಂಗಿ ಅಳುತ್ತಾ ಫೋನ್ ಮಾಡಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. "ಡಾಕ್ಟರ್ ಏನಾದ್ರೂ ಹೇಳ್ಲಿ ಅಣ್ಣಾ, ಕುಡಿಯೋದನ್ನ ಇವತ್ತಿಗೇ ಬಿಟ್ಬಿಡು" ಎಂದಳು.

ಇನ್ನೊಮ್ಮೆ ವಿವರಿಸುವ ತ್ರಾಣ ಇರಲಿಲ್ಲ. ಬಿಟ್ಟೆ ಎಂದು ಮಾತು ಕೊಟ್ಟೆ.