ಕಮ್ಮಾರನ ಇಕ್ಕಳವೋ, ವೈದ್ಯನ ಉಪಕರಣವೋ

ಎರಡನೇ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಹಾಸನದ ಒಂದು ಕಬ್ಬಿಣದ ಅಂಗಡಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವನು ಅಲ್ಲಿ ನಾನೊಬ್ಬನೇ. ಹಾಗಾಗಿ ಮದರಾಸಿನ ಏಜೆಂಟರ ಜೊತೆಗಿನ ಪತ್ರವ್ಯವಹಾರವೆಲ್ಲ ನನ್ನ ಪಾಲಿಗೆ ಬಂದಿತ್ತು.

ಒಂದು ದಿನ ಶಾಂತಿಗ್ರಾಮದ ಕಡೆಯ, ಐವತ್ತು ದಾಟಿದ ಒಬ್ಬರು ಅಂಗಡಿಗೆ ಬಂದರು. ಹೋರಿಗಳ ಬೀಜ ಒಡೆದು ಎತ್ತು ಮಾಡುವುದು ಅವರ ಕಸುಬು. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಬೀಜವನ್ನು ಕೋಲುಗಳ ನಡುವೆ ಸಿಕ್ಕಿಸಿ ಕಲ್ಲಿನಿಂದ ಜಜ್ಜುವುದು ಆಗಿನ ಪದ್ಧತಿ. ಹಾಸನದ ದನದ ಆಸ್ಪತ್ರೆಯಲ್ಲಿ ಡಾಕ್ಟರು ದೊಡ್ಡ ಇಕ್ಕಳದಂಥ ವಿಲಾಯಿತಿ ಸಾಮಾನಿನಿಂದ, ಚರ್ಮ ಹರಿಯದೆ, ಒಳಗಿನ ನರವನ್ನಷ್ಟೇ ಅದುಮಿ ಇದೇ ಕೆಲಸ ಮಾಡುವುದನ್ನು ಅವರು ನೋಡಿದ್ದರು.

"ರಕ್ತ ಇಲ್ಲ, ಕಲ್ಲಿಲ್ಲ ಕಣಪ್ಪಾ. ಓರಿ ಎದ್ದು ಉಲ್ಲಿಗೆ ಬಾಯಾಕ್ತು! ಮೂವತ್ತು ವರ್ಸದಿಂದ ಅವುಗಳ ಕೂಗು ಕೇಳಿ ಸಾಕಾಗೈತೆ. ಅಂತಾದ್ದು ಒಂದು ತರಿಸ್ಕೊಡಿ" ಎಂದರು.

ನಮ್ಮ ಯಜಮಾನರು ಒಪ್ಪಿ ಏಜೆಂಟರಿಗೆ ಬರೆಸಿದರು. ನಾಲ್ಕು ತಿಂಗಳ ಮೇಲೆ ಸಾಮಾನು ಮದರಾಸು ಬಂದರಿಗೆ ಬಂತು. ಆದರೆ ನಮಗೆ ತಲುಪಿದ್ದು ಸುಂಕದ ಕಚೇರಿಯ ಪ್ರಶ್ನೆ. ಇದು ಕಮ್ಮಾರನ ಇಕ್ಕಳವೋ, ಶಸ್ತ್ರಚಿಕಿತ್ಸೆಯ ಉಪಕರಣವೋ? ಇದನ್ನು ಬಳಸುವವರು ಯಾರು? ಇಕ್ಕಳವಾದರೆ ಸುಂಕ ಹೆಚ್ಚು, ಅದು ಆ ಮನುಷ್ಯನ ಕೈಗೆ ಎಟುಕುವಂಥದ್ದಲ್ಲ. ಚಿಕಿತ್ಸೆಯದು ಎನ್ನುವುದಾದರೆ ಡಾಕ್ಟರ ಪತ್ರ ಬೇಕು.

ಆ ಮನುಷ್ಯನೂ ನಾನೂ ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಗದ ಓದಿ ಆಗದೆಂಬಂತೆ ತಲೆಯಾಡಿಸಿದರು.

"ವೈದ್ಯನ ಉಪಕರಣ ಅಂತ ನಾನೇ ಬರೆದುಕೊಟ್ಟ ಮೇಲೆ ಅದು ವೈದ್ಯನ ಕೈಯಲ್ಲಿರಬೇಕಲ್ಲ? ಕಲಿಯದವರ ಕೈಗೆ ಹೇಗೆ ಕೊಡಲಿ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಎದ್ದುಬಿಟ್ಟೆ. ಆದರೆ ಆ ಮನುಷ್ಯ ಕೈಮುಗಿದು ನಿಂತೇ ಇದ್ದರು.

"ಒಂದ್ಸಲ ನಮ್ಮೂರ್ಗೆ ಬಂದು ನನ್ ಕೆಲ್ಸ ನೋಡಿ ಸಾ. ಆಮ್ಯಾಕೆ ಬ್ಯಾಡ ಅಂದ್ರೆ ಬ್ಯಾಡ."

ಆ ಭಾನುವಾರ ಡಾಕ್ಟರು ನಿಜವಾಗಿಯೂ ಹೋದರು. ನಾನೂ ಬಾಡಿಗೆ ಸೈಕಲ್ಲಿನಲ್ಲಿ ಅವರ ಹಿಂದೆ ಹೋದೆ. ಅಲ್ಲೊಂದು ಎಳೆಯ ಹೋರಿಯನ್ನು ಕೆಡವಿದ್ದರು. ಆತ ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ, "ಏನಾಗಕಿಲ್ಲ ಸುಮ್ಕಿರು ಮಗಾ" ಎನ್ನುತ್ತ ಬಹಳ ಹೊತ್ತು ಕುಳಿತರು. ಅದರ ಉಸಿರು ಒಂದು ಹದಕ್ಕೆ ಬಂದ ಮೇಲೆ ಬೆರಳಿನಿಂದ ತಡಕಿ, "ನರ ಇಲ್ಲೈತೆ ಸಾ, ಇನ್ನೊಂದು ಇಲ್ಲಿ" ಎಂದರು. ಡಾಕ್ಟರು ತಾವೂ ಬಗ್ಗಿ ಮುಟ್ಟಿ ನೋಡಿದರು. ಆತ ಕಲ್ಲಿಗೆ ಕೈ ಚಾಚಿದಾಗ ಅವರು ತಡೆದರು.

"ಕಲ್ಲು ಬೇಡ. ಹಗ್ಗ ಬಿಚ್ಚಿ. ನಾಳೆ ಆಸ್ಪತ್ರೆಗೆ ಹೊಡಕೊಂಡು ಬನ್ನಿ, ನಾನೇ ಮಾಡ್ತೀನಿ."

ಅಲ್ಲೇ ಜಗಲಿಯ ಮೇಲೆ ಕುಳಿತು ಡಾಕ್ಟರು ಸುಂಕದ ಕಚೇರಿಗೆ ಪತ್ರ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಇದು ಪಶು ಶಸ್ತ್ರಚಿಕಿತ್ಸೆಯ ಉಪಕರಣ, ಬೇರಾವ ಕೆಲಸಕ್ಕೂ ಬಾರದು, ನನ್ನ ಮೇಲ್ವಿಚಾರಣೆಯಲ್ಲಿ ಬಳಕೆಯಾಗುತ್ತದೆ. ಕೊನೆಯ ಮಾತಿಗೆ ನನ್ನ ಪೆನ್ಸಿಲ್ ನಿಂತಿತು. ಡಾಕ್ಟರು ನನ್ನ ಮುಖ ನೋಡಿ ನಕ್ಕರು.

"ಬರೀರಿ. ಅದು ಸುಳ್ಳಾಗದ ಹಾಗೆ ನೋಡಿಕೊಳ್ಳೋಣ. ಇವರು ಸಂತೆಯ ದಿನ ಆಸ್ಪತ್ರೆಗೆ ಬಂದು ಕಲಿಯಲಿ."

ಮೂರು ವಾರದಲ್ಲಿ ಮದರಾಸಿನಿಂದ ಉತ್ತರ ಬಂತು. ಚಿಕಿತ್ಸೆಯ ಉಪಕರಣವೆಂದೇ ಒಪ್ಪಿದ್ದರು. ಕನ್ನಡದಲ್ಲಿ ಓದಿ ಹೇಳಿದಾಗ ಆತ ಮತ್ತೊಂದು ಸಲ ಓದಿಸಿದರು. "ಅಂಗಾರೆ ನಂದೂ ಡಾಕುಟ್ರ ಕೆಲ್ಸವೇ ಅನ್ನಪ್ಪಾ" ಎಂದು ನಾಚಿಕೊಂಡು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಯುದ್ಧ ಶುರುವಾದ ಮೇಲೆ ಅಂಥ ಇನ್ನೊಂದನ್ನು ತರಿಸಲು ನಮ್ಮಿಂದ ಆಗಲಿಲ್ಲ. ಡಾಕ್ಟರು ಹಳ್ಳಿಗಳ ಕ್ಯಾಂಪಿಗೆ ಹೊರಟಾಗಲೆಲ್ಲ ಆ ಮನುಷ್ಯನನ್ನೂ ಕರೆದೊಯ್ಯುತ್ತಿದ್ದರು. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಒಮ್ಮೆ ಅವರಿಬ್ಬರನ್ನೂ ಕಂಡೆ. ಡಾಕ್ಟರು ಕಿಟಕಿಗೊರಗಿ ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಆತ ಬಟ್ಟೆ ಸುತ್ತಿದ ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು, ನುಗ್ಗೇಹಳ್ಳಿಯ ರೈತನೊಬ್ಬನಿಗೆ ಹೋರಿಯನ್ನು ಯಾವ ವಯಸ್ಸಿನಲ್ಲಿ ತರಬೇಕೆಂದು ಮೆಲ್ಲಗೆ ತಿಳಿಸಿ ಹೇಳುತ್ತಿದ್ದರು.