ತೊಟ್ಟಿಲ ಕೋಣೆಯ ಗಾಳಿ

ಜಗಳೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನ ಪೆಟ್ಟಿಗೆ ನೋಡಿ, "ಹಾರ್ಮೋನಿಯಂ ಏನ್ರೀ ಮೇಡಂ? ಒಂದು ಪದ ಹೇಳ್ರಿ" ಎಂದ. ಗಾಳಿಯಲ್ಲಿರುವ ಪಾದರಸ ಅಳೆಯುವ ಯಂತ್ರ ಎಂದೆ. ನಂಬಲಿಲ್ಲ, ಲಗೇಜು ಟಿಕೆಟ್ ಮಾತ್ರ ಹರಿದ.

ಪಾದರಸ ಗಾಳಿಯಲ್ಲಿ ಮೂರು ವೇಷದಲ್ಲಿ ಅಲೆಯುತ್ತದೆ. ಬರೀ ಆವಿಯಾಗಿ, ಬೇರೆ ರಾಸಾಯನಿಕದೊಡನೆ ಕೂಡಿದ ಅನಿಲವಾಗಿ, ಇಲ್ಲವೇ ದೂಳಿಗೆ ಅಂಟಿಕೊಂಡು. ಒಂದೊಂದಕ್ಕೂ ಒಂದೊಂದು ನಳಿಕೆ. ಜಗಳೂರಿನ ಬಯಲಿನಲ್ಲಿ ಮೂರೂ ಅತ್ಯಲ್ಪ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಸಂತೇಬೆನ್ನೂರು ದಾಟಿ ಚನ್ನಗಿರಿ ಸೇರಿದೆ. ಸುಡುಬಿಸಿಲು. ಚಿನ್ನದಂಗಡಿಗಳ ಬೀದಿಯಲ್ಲಿ ಆವಿ ಸ್ವಲ್ಪ ಏರಿತು. ಮಂಡಕ್ಕಿ, ಮೆಣಸಿನಕಾಯಿ ತಿಂದು ಹೊನ್ನಾಳಿ ಬಸ್ಸು ಹಿಡಿದೆ.

ಹೊನ್ನಾಳಿಯಲ್ಲಿ ಗಫಾರ್ ಸಾಬರ ಮನೆ, ನಾನು ಅಳೆಯಬೇಕಾದ ಜಾಗಗಳ ಪಟ್ಟಿಯಲ್ಲಿತ್ತು. ಅಕ್ಕಸಾಲಿಗರ ಅಂಗಡಿ ಗುಡಿಸಿದ ದೂಳು ತಂದು, ಪಾದರಸ ಬೆರೆಸಿ ತಿಕ್ಕಿ ಚಿನ್ನದ ಕಣ ಹಿಡಿಯುವುದು ಅವರ ಕಸುಬಾಗಿತ್ತು. ಕಬ್ಬಿಣದ ಸೌಟಿನಲ್ಲಿ ಕಾಯಿಸಿದರೆ ಪಾದರಸ ಹಾರಿ ಚಿನ್ನ ಉಳಿಯುತ್ತಿತ್ತು. ನನ್ನ ಯಂತ್ರದ್ದು ತಿರುಗಾಮುರುಗಾ. ಅದರೊಳಗಿನ ಚಿನ್ನದ ಪದರ ಪಾದರಸವನ್ನು ಹಿಡಿಯುತ್ತದೆ. ಕೇಳಿ ಸಾಬರು ನಕ್ಕರು. ಪಾದರಸ ಹಚ್ಚಿದ ನಡುಕಕ್ಕೆ ಕೈಯಲ್ಲಿದ್ದ ಚಹಾ ಸಾಸರಿಗೆ ಚೆಲ್ಲಿತು.

"ಬಿಟ್ಟು ಆರು ವರ್ಷ ಆತು. ಹೊಗೆ ಎಲ್ಲಾ ಕಿಟಕಿಯಿಂದ ಹೋಗೈತೆ" ಎಂದರು.

ಕಾಯಿಸುತ್ತಿದ್ದ ಆ ಕೋಣೆಗೇ ಸುಣ್ಣ ಬಳಿಸಿ, ಚೊಚ್ಚಲ ಬಾಣಂತನಕ್ಕೆ ಬಂದ ಮಗಳು ರೇಷ್ಮಾಳನ್ನು ಇರಿಸಿದ್ದರು. ಮನೆಯಲ್ಲಿ ಗಾಳಿ ಆಡುವ ಕೋಣೆ ಅದೊಂದೇ. ತೊಟ್ಟಿಲಲ್ಲಿ ಇಪ್ಪತ್ತು ದಿನದ ಹೆಣ್ಣುಕೂಸು. ನಳಿಕೆಯನ್ನು ನೆಲದ ಹತ್ತಿರ ಹಿಡಿದೆ. ಆವಿಯ ಅಂಕಿ ಏರಿತು, ಏರುತ್ತಲೇ ಹೋಯಿತು. ಮಣ್ಣಿನ ನೆಲ, ಗೋಡೆ ವರ್ಷಗಟ್ಟಲೆ ಕುಡಿದದ್ದನ್ನು ಈ ಸೆಕೆಗೆ ಹೊರಬಿಡುತ್ತಿದ್ದವು. ಬೇರೆ ಕೆಲಸದಲ್ಲಿ ಹೇಳುವುದು ಸುಲಭ, ಮಾಡುವುದು ಕಷ್ಟ. ನನ್ನ ಕೆಲಸದಲ್ಲಿ ಅದು ಉಲ್ಟಾ.

"ಸಾಬ್ರೇ, ತಾಯಿ ಮಗು ಇಲ್ಲಿರಬಾರದು. ಇವತ್ತೇ ಬೇರೆ ಕಡೆ ಕಳಿಸಿ. ಡಾಕ್ಟರಿಗೂ ತೋರಿಸಿ."

"ನಲವತ್ತು ದಿನ ಆಗದೆ ಗಂಡನ ಮನೆಗೆ ಹೆಂಗೆ ಕಳ್ಸಾದ್ರೀ?" ಎಂದರು. ಬಿಳಿ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಆಟೋ ತರಲು ಹೋದರು.

ಮರುದಿನ ನ್ಯಾಮತಿಯಲ್ಲಿ ರೇಷ್ಮಾಳ ಗಂಡನ ಮನೆಯನ್ನೂ ಅಳೆದೆ. ಗಾಳಿ ಜಗಳೂರಿನ ಬಯಲಿನಷ್ಟೇ ಚೊಕ್ಕ. ಅಷ್ಟರಲ್ಲಿ ಸಾಬರು ಬಂದು ಹೊಸ್ತಿಲಾಚೆಯೇ ನಿಂತರು.

"ಒಳಗೆ ಬಾ ಅಬ್ಬಾ" ರೇಷ್ಮಾ ಕರೆದಳು.

"ಇರು ಬೇಟಿ" ಎಂದು ನನ್ನತ್ತ ತಿರುಗಿ ಅಂಗಿಯ ತುದಿ ಚಾಚಿದರು. "ಮೇಡಂ, ನನ್ನೂ ಅಳೀರಿ."

ಅಳೆದೆ. ಅಂಕಿ ಏರಿತು, ಆ ಮನೆಯ ಆವಿ ಬಟ್ಟೆಗೂ ಹಿಡಿದಿತ್ತು. ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡರೆ ಸಾಕು ಎಂದೆ. ಅವರು ತಲೆಯಾಡಿಸಿದರು.

ಶಿವಮೊಗ್ಗದ ಬಸ್ಸಿಗೆ ಹೊರಟವಳು ತಿರುಗಿ ನೋಡಿದೆ. ಅಳಿಯ ತನ್ನ ಒಗೆದ ಅಂಗಿ ಹಿಡಿದು ಕರೆಯುತ್ತಿದ್ದ. ಸಾಬರು ನಡುಗುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೀದಿಯಲ್ಲೇ ನಿಂತು, ಬಾಗಿಲಿನಿಂದ ಕಾಣುವಷ್ಟು ಮೊಮ್ಮಗಳನ್ನು ನೋಡುತ್ತಿದ್ದರು.