ಹೊಲಿಗೆಗೆಂದು ಬಿಟ್ಟ ಎರಡಿಂಚು

ಮನೆಗೊಂದು ಹಲಗೆ ಬೇಕೆಂದರೆ ಮೂರು ಊರು ತಿರುಗಬೇಕಾಗಿದ್ದ ಕಾಲ ಅದು. ಈಗಿನಂತೆ ಅಂಗಡಿಯಲ್ಲಿ ಕುಳಿತು ಬಣ್ಣದ ಪುಸ್ತಕ ತಿರುವಿ, ಇದೇ ಇರಲಿ ಎಂದು ಬೆರಳಿಟ್ಟು ಬರುವ ಹಾಗಿರಲಿಲ್ಲ. ಮರ ಒಂದು ಕಡೆ, ಕಬ್ಬಿಣ ಒಂದು ಕಡೆ, ಮರಗೆಲಸದ ಆಚಾರ್ರು ಇನ್ನೊಂದು ಕಡೆ. ಮೂರೂ ಒಂದೇ ಮನೆಯಲ್ಲಿ ಸೇರಿದರೆ ಅದೇ ಸಣ್ಣ ಹಬ್ಬ. ನಾನು ಆರನೇ ಕ್ಲಾಸಿನ ಪರೀಕ್ಷೆ ಬರೆದು ಮುಗಿಸಿದ್ದ ಬೇಸಿಗೆಯಲ್ಲಿ ನಮ್ಮ ಹೊಳಲ್ಕೆರೆಯ ಮನೆಯಲ್ಲಿ ಅಂಥದೊಂದು ಹಬ್ಬ ನಡೆಯಿತು. ಆ ಹಬ್ಬದಲ್ಲಿ ಬೈಸಿಕೊಂಡವಳು ನಾನು.

ಅಪ್ಪ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಒಳಗೆ ಬಂದರೆ ಯೂರಿಯಾದ ವಾಸನೆ, ಅಮ್ಮನ ಪಕ್ಕ ಕೂತರೆ ಮೆಷಿನ್ ಎಣ್ಣೆಯ ಮತ್ತು ಹೊಸ ಬಟ್ಟೆಯ ಗಂಜಿಯ ವಾಸನೆ. ಇವತ್ತಿಗೂ ಗಂಜಿ ಹಾಕಿದ ಬಟ್ಟೆ ಮೂಸಿದರೆ ನನಗೆ ಹೊಟ್ಟೆ ಹಸಿಯುತ್ತದೆ, ಯಾಕೆಂದರೆ ಅಮ್ಮ ಮೆಷಿನ್ ನಿಲ್ಲಿಸಿದ ಮೇಲೇ ನಮಗೆ ಊಟ.

ಅಳತೆ ಪುಸ್ತಕ ಬರೆಯುವುದು ನನ್ನ ಕೆಲಸವಾಗಿತ್ತು. ಅಮ್ಮನ ಅಕ್ಷರ ಅವಳಿಗೇ ಓದಲು ಬರುತ್ತಿರಲಿಲ್ಲ. ಬಂದವರ ಮೈಗೆ ಟೇಪು ಸುತ್ತಿ, ಮೂವತ್ತೆರಡು ಇದ್ದರೆ "ಮೂವತ್ನಾಕು ಬರ್ಕ" ಎನ್ನುವಳು. ಹೊಲಿಗೆಗೆ ಎರಡಿಂಚು. ಅದು ಒಳಗೆ ಮಡಚಿಕೊಂಡು ಕೂರುತ್ತಿತ್ತು. ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಬಾಣಂತನ ಮುಗಿಸಿದವರು ಹಳೇ ರವಿಕೆ ತಂದು ಬಿಚ್ಚಿಸಿಕೊಂಡು ಹೋಗುವುದು ನಮ್ಮ ಮನೆಯಲ್ಲಿ ಮಾಮೂಲು. "ಹಾಲಮ್ಮನ ಜಾಕೀಟು ಅಂದ್ರೆ ಹತ್ತು ವರ್ಷಕ್ಕೆ ಚಿಂತಿಲ್ಲ" ಎಂದು ಬೀದಿಯ ಹೆಂಗಸರು ಹೇಳುವಾಗ ಅಮ್ಮ ತಲೆ ಎತ್ತುತ್ತಿರಲಿಲ್ಲ, ಆದರೆ ಮೆಷಿನ್ ತುಳಿಯುವ ವೇಗ ಹೆಚ್ಚಾಗುತ್ತಿತ್ತು.

ಹೊಲಿಯಲು ಬಂದ ಬಟ್ಟೆಗಳನ್ನು ಇಡಲು ಮಾತ್ರ ಜಾಗವಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಗಂಟು ಗಂಟಾಗಿ ಇಡುತ್ತಿದ್ದಳು. ಆ ವರ್ಷ ಯುಗಾದಿ ಮುಗಿದ ವಾರವೇ ಇಲಿ ಬಂದು ನಮ್ಮ ಶಾಲೆಯ ಟೀಚರ ರೇಷ್ಮೆ ತುಂಡಿನ ಅಂಚು ಕಡಿಯಿತು. ಸುದ್ದಿ ಊರೆಲ್ಲ ಹಬ್ಬಿತು. ಮಗಳ ಮದುವೆಗೆಂದು ಹನ್ನೊಂದು ರವಿಕೆ ಕೊಡುತ್ತೇನೆಂದಿದ್ದ ಕೋಟೆ ಬೀದಿಯ ನೀಲಕ್ಕ ಬಂದು ಬಾಗಿಲಲ್ಲೇ ನಿಂತಳು.

"ನೋಡು ಹಾಲಮ್ಮ, ನಿನ್ ಕೈ ಮೇಲೆ ನಂಗೆ ಅನುಮಾನ ಇಲ್ಲ. ನೆಲದ್ ಮೇಲೆ ಇಡದಾದ್ರೆ ಮಾತ್ರ ಕೊಡಲ್ಲ. ದುರ್ಗದಾಗೆ ಟೈಲರ್ ಅವ್ರೆ."

"ಸೋಮವಾರ ತಗಂಬಾ ಅಕ್ಕ. ಅಷ್ಟರಾಗೆ ಶೆಲ್ಫ್ ಮಾಡ್ಸಿರ್ತೀನಿ," ಎಂದಳು ಅಮ್ಮ.

ಅವತ್ತು ಮಂಗಳವಾರ. ಆಚಾರ್ರನ್ನು ಕೇಳಿದರೆ ಕೈತುಂಬ ಬಾಗಿಲ ಕೆಲಸವಿದೆ, ಮುಂದಿನ ತಿಂಗಳು ಬರುತ್ತೇನೆ ಎಂದರು. ಹಳ್ಳಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ, "ಮರದ ಕೆಲಸ ಗಂಡಸ್ರಿಗೇ ಬಗೆಹರಿಯಲ್ಲ, ನೀನೇನ್ ಮಾಡ್ತೀಯಮ್ಮ. ಆಚಾರ್ರು ಬರಗಂಟ ಸುಮ್ಕಿರು" ಎಂದರು. ಅಮ್ಮ ಭಾವನ ಎದುರು ಜೋರಾಗಿ ಮಾತಾಡಿದವಳಲ್ಲ. ಒಳಗೆ ಬಂದು ನನಗೆ ಹೇಳಿದಳು: "ಪುಸ್ತಕ ತಗಾ. ಅಳತೆ ಬರ್ಕ."

ಒಳಕೋಣೆಯಲ್ಲಿ ಹಿಂದೆ ಕಾಳು ತುಂಬುವ ಮಣ್ಣಿನ ವಾಡೆ ಇಡುತ್ತಿದ್ದ ಜಾಗವೊಂದಿತ್ತು. ಅಲ್ಲಿ ಗೋಡೆ ಒಳಕ್ಕೆ ಸರಿದು ದೊಡ್ಡ ಗೂಡಿನಂತೆ ಇತ್ತು. ಅದಕ್ಕೆ ಅಡ್ಡಲಾಗಿ ಮೂರು ಹಲಗೆ. ಅಮ್ಮ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಈ ಗೋಡೆಗೆ ಒತ್ತಿ ಆ ಗೋಡೆಯವರೆಗೆ ಎಳೆದಳು. ನಲವತ್ತಾರು ಎಂದು ನನಗೂ ಕಾಣಿಸಿತು. "ನಲವತ್ತೆಂಟು" ಎಂದಳು. ಬರೆದೆ. ಆ ಮನೆಯಲ್ಲಿ ಕಂಡದ್ದಕ್ಕೆ ಎರಡು ಸೇರಿಸಿ ಬರೆಯುವುದೇ ಲೆಕ್ಕ. ನನಗೆ ಏನೂ ಅನ್ನಿಸಲಿಲ್ಲ.

ಮರ ಹುಡುಕುವ ಕೆಲಸ ಮಾರನೆಯ ದಿನ ಶುರುವಾಯಿತು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೇವಿನೆಲೆ ಇಟ್ಟರೆ ನುಸಿ ಬರುವುದಿಲ್ಲ ತಾನೇ, ಹಾಗಾದರೆ ಹಲಗೆಯೇ ಬೇವಿನದಾದರೆ? ಇದು ಅಮ್ಮನ ಯೋಚನೆ. ನಮ್ಮೂರ ಸಾಮಿಲ್ಲಿನ ಯಜಮಾನರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡರು.

"ಬೇವಿಂದು ಐತೆ ಕಣಮ್ಮ, ಆದ್ರೆ ಹಸಿ. ಇವತ್ತು ಕುಯ್ದು ಕೊಟ್ರೆ ತಿಂಗಳಾಗದ್ರೊಳಗೆ ಬಗ್ಗುತ್ತೆ. ಚಿಕ್ಕಜಾಜೂರಿಗೆ ಹೋಗ್ರಿ. ಅಲ್ಲಿ ಮಿಲ್ಲಾಗೆ ಎರಡು ವರ್ಷದಿಂದ ಒಣಗಿರೋ ದಿಮ್ಮಿ ಅವೆ."

ಕಬ್ಬಿಣದಂಗಡಿಯಲ್ಲಿ ನೇಗಿಲ ಗುಳ, ಸಲಿಕೆ, ಬಾವಿಯ ರಾಟೆ, ಎತ್ತಿನ ಲಾಳ ಎಲ್ಲ ಇತ್ತು. ಹಲಗೆ ಹೊರುವ ಬ್ರಾಕೆಟ್ ಮಾತ್ರ ಇರಲಿಲ್ಲ. ಅಂಗಡಿ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋಗಲಿದ್ದ ಅಪ್ಪನಿಗೆ ಆ ಭಾರ ಹೊರಿಸಿ, ಶುಕ್ರವಾರ ನಾವಿಬ್ಬರೂ ಚಿಕ್ಕಜಾಜೂರಿನ ಬಸ್ಸು ಹತ್ತಿದೆವು.

ಆ ದಿನವನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಗರಗಸ ದಿಮ್ಮಿಯೊಳಗೆ ಇಳಿಯುವಾಗಿನ ಸದ್ದಿಗೆ ಕಿವಿ ಮುಚ್ಚಿಕೊಂಡರೂ ಹಲ್ಲು ಜುಮ್ಮೆನ್ನುತ್ತಿತ್ತು. ಗಾಳಿಯಲ್ಲಿ ಹಾರುವ ಬೇವಿನ ಪುಡಿ ತುಟಿಗೆ ಬಿದ್ದು ಬಾಯೆಲ್ಲ ಕಹಿ. ಹಲಗೆ ನುಣುಪು ಮಾಡುವಾಗ ಬೀಳುವ ಸುರುಳಿಗಳನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಜುಮುಕಿ ಎಂದು ಕುಣಿದೆ. ಅಮ್ಮ ಪ್ರತಿ ಹಲಗೆಯನ್ನೂ ಬಟ್ಟೆ ನೋಡುವ ಹಾಗೆ ಅಂಗೈಯಿಂದ ಸವರಿ ನೋಡಿದಳು. ಮಿಲ್ಲಿನವರು, ಪುಸ್ತಕದಿಂದ ನಾನು ಬರೆದುಕೊಂಡು ಬಂದಿದ್ದ ಚೀಟಿ ನೋಡಿ, "ನಲವತ್ತೆಂಟು, ಸರಿಯಾಗಿ ನಾಕಡಿ" ಎಂದು ಗುರುತು ಹಾಕಿ ಕೊಯ್ದರು. ಮಿಲ್ಲಿನಾಚೆ ಗೂಡ್ಸ್ ಗಾಡಿಯೊಂದು ಮುಗಿಯದ ಹಾಗೆ ಹೋಗುತ್ತಲೇ ಇತ್ತು. ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಅಮ್ಮ ಮನೆಯ ಹೊರಗೆ ಕೂತು ತಿಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹಲಗೆಗಳನ್ನು ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರು, "ಏನಕ್ಕ, ಮನೆ ಕಟ್ಟಿಸ್ತಿದೀರೇನು?" ಎಂದ.

"ಹೂನಪ್ಪ, ಬಟ್ಟೆಗೆ," ಎಂದು ಅಮ್ಮ ನಕ್ಕಳು.

ಭಾನುವಾರ ಬೆಳಿಗ್ಗೆ ಅಪ್ಪ ಮತ್ತು ದೊಡ್ಡಪ್ಪ ಸೇರಿ ಗೋಡೆಗೆ ತೂತು ಕೊರೆದು, ಮರದ ಬೆಣೆ ಬಡಿದು, ದುರ್ಗದಿಂದ ತಂದ ಬ್ರಾಕೆಟ್‌ಗಳನ್ನು ಕೂರಿಸಿದರು. ಮೊದಲನೆಯ ಹಲಗೆ ಎತ್ತಿದರು. ಹೋಗಲಿಲ್ಲ. ಓರೆ ಮಾಡಿದರು. ಒಂದು ತುದಿ ಒಳಗಾದರೆ ಇನ್ನೊಂದು ತುದಿ ಗೋಡೆಯ ಸುಣ್ಣ ಕೆರೆದುಕೊಂಡು ಹೊರಗೇ ನಿಂತಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ.

"ಅಳತೆ ಕೊಟ್ಟಿದ್ಯಾರು?" ಎಂದರು ದೊಡ್ಡಪ್ಪ.

ಅಪ್ಪ ಚೀಟಿ ತೆಗೆದು ನೋಡಿದರು. ನನ್ನ ದುಂಡು ಅಕ್ಷರ. ಟೇಪು ಹಿಡಿದು ಗೋಡೆ ಅಳೆದರು. ನಲವತ್ತಾರು.

"ಏನೇ ಶೋಭ, ಆರಕ್ಕೂ ಎಂಟಕ್ಕೂ ವ್ಯತ್ಯಾಸ ಗೊತ್ತಾಗಲ್ವೇನೆ ನಿಂಗೆ? ಆರನೇ ಕ್ಲಾಸು ಏನ್ ಓದ್ದೆ?"

ನಾನು ಅಮ್ಮನ ಮುಖ ನೋಡಿದೆ. ಅವಳಿಗೆ ಗೊತ್ತಾಗಿತ್ತು, ಕಣ್ಣು ನೋಡಿದೊಡನೆ ನನಗೆ ಅದು ತಿಳಿಯಿತು. ಆದರೂ ಅವಳು ಬಾಯಿ ತೆರೆಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತ ನಿಂತಳು. ನೀನು ಹೇಳಿದ್ದನ್ನೇ ಬರೆದೆ ಎಂದು ನಾನೂ ಹೇಳಲಿಲ್ಲ. ಹೇಳಿದರೆ ದೊಡ್ಡಪ್ಪನ ಎದುರು ಅಮ್ಮ ಸಣ್ಣವಳಾಗುತ್ತಾಳೆ ಎಂಬಷ್ಟು ಬುದ್ಧಿ ನನಗಿತ್ತು. ಆದರೆ ಆ ಬುದ್ಧಿ ಅಳು ತಡೆಯುವಷ್ಟಿರಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಪ್ಪ ಬೈದದ್ದಕ್ಕಲ್ಲ, ಅಮ್ಮ ಸುಮ್ಮನಿದ್ದದ್ದಕ್ಕೆ.

ದೊಡ್ಡಪ್ಪ ಪಕ್ಕದ ಮನೆಯಿಂದ ಕೈಗರಗಸ ತಂದರು. ನಾನು ಕೂತಲ್ಲಿಗೆ ಅವರ ಮಾತು ಸರಿಯಾಗಿ ಕೇಳುತ್ತಿತ್ತು. "ಹೆಣ್ ಹುಡ್ಗಿ ಕೈಲಿ ಅಳತೆ ಬರ್ಸಿದ್ರೆ ಇನ್ನೇನಾಗ್ತದೆ. ಆ ಹುಡ್ಗಿನ ಲೆಕ್ಕದ ಕೆಲ್ಸಕ್ಕೆ ಹಾಕ್ಬ್ಯಾಡ್ರಿ."

ಆಮೇಲೆ ಅಮ್ಮನ ದನಿ.

"ಅವಳದಲ್ಲ ಭಾವ, ತಪ್ಪು ನಂದು. ಗೋಡೆ ನಲವತ್ತಾರೇ ಇತ್ತು. ಹೊಲಿಗೆಗೆ ಅಂತ ಎರಡಿಂಚು ನಾನೇ ಸೇರ್ಸಿ ಹೇಳ್ದೆ. ಬಾಯಿಗೆ ಅಭ್ಯಾಸ ಆಗೈತೆ. ಅವಳು ನಾನು ಹೇಳಿದ್ದನ್ನೇ ಬರ್ದಿದಾಳೆ."

ನಾನು ಎದ್ದು ಬಾಗಿಲಿಗೆ ಬಂದೆ. ದೊಡ್ಡಪ್ಪ ಗರಗಸ ಹಿಡಿದೇ ಅಮ್ಮನನ್ನೂ ಹಲಗೆಯನ್ನೂ ನೋಡಿದರು. ಇನ್ನೊಂದು ಕೈಯಲ್ಲಿ ಹಲಗೆಯ ತುದಿ ಎತ್ತಿ ಹಿಡಿದು, "ಇದನ್ನ ಒಳಗೆ ಎಲ್ಲಿ ಮಡಚ್ತಿದ್ದೆ ತಾಯಿ?" ಎಂದು ಕೇಳಿದವರೇ ನಗಲು ಶುರುಮಾಡಿದರು. ಅಪ್ಪನೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಸೀಮೆಸುಣ್ಣದ ಚೂರು ತಂದು ಹಲಗೆಯ ಮೇಲೆ ಗೆರೆ ಎಳೆದು, "ಕೊಡ್ರಿ ಇಲ್ಲಿ" ಎಂದು ಗರಗಸಕ್ಕೆ ಕೈ ಚಾಚಿದಳು. ಮೊದಲನೆಯ ಹಲಗೆಯನ್ನು ಅವಳೇ ಕೊಯ್ದಳು. ಗೆರೆ ಬಿಟ್ಟು ಗರಗಸ ಒಂದೆಳೆಯೂ ಆಚೀಚೆ ಹೋಗಲಿಲ್ಲ. ನಗು ತಾನಾಗಿ ನಿಂತಿತು. ಉಳಿದೆರಡನ್ನು ದೊಡ್ಡಪ್ಪ ಅವಳು ಗೆರೆ ಎಳೆದ ಕಡೆಯೇ ಕೊಯ್ದುಕೊಟ್ಟರು.

ಸೋಮವಾರ ನೀಲಕ್ಕ ಬಂದಳು. ನಡುವಿನ ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿ, ಮೂಸಿ ನೋಡಿ, "ಬೇವಿಂದಾ?" ಎಂದು ಕೇಳಿ, ಹನ್ನೊಂದು ತುಂಡಿನ ಗಂಟನ್ನು ತಾನೇ ಅದರ ಮೇಲಿಟ್ಟಳು.

ಅವಳು ಹೋದ ಮೇಲೆ ಅಮ್ಮ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೊಸ ಲಂಗಕ್ಕೆ ಅಳತೆ ತೆಗೆದಳು. ಸೊಂಟಕ್ಕೆ ಟೇಪು ಸುತ್ತುತ್ತ, ಮುಖ ನೋಡದೆ ಕೇಳಿದಳು. "ನಿನ್ನೆ ನಾನು ಸುಮ್ನಿದ್ದೆ ಅಂತ ಬ್ಯಾಸರ ಆತೇನೆ?"

"ಇಲ್ಲಮ್ಮ."

"ಆಗಿರ್ತದೆ ಬಿಡು. ಭಾವನ ಮುಂದೆ ಬಾಯೇ ಬರ್ಲಿಲ್ಲ." ಆಮೇಲೆ ಟೇಪು ನೋಡಿ, "ಇಪ್ಪತ್ತೆರಡು. ನೀನು ಬೆಳಿಯೋಳು, ಇಪ್ಪತ್ತಾರು ಬರ್ಕ" ಎಂದಳು.

ಆ ಮನೆ ಈಗಿಲ್ಲ. ಹೊಸದಾಗಿ ಕಟ್ಟಿಸುವ ಗಡಿಬಿಡಿಯಲ್ಲಿ ಆ ಬೇವಿನ ಹಲಗೆಗಳು ಎಲ್ಲಿ ಹೋದವೋ ಯಾರಿಗೂ ನೆನಪಿಲ್ಲ. ಅಮ್ಮ ಹೋಗಿಯೂ ಆರು ವರ್ಷವಾಯಿತು. ನಾನೀಗ ಚಿತ್ರದುರ್ಗದಲ್ಲಿದ್ದೇನೆ. ಹೋದ ವರ್ಷ ಪುಸ್ತಕಕ್ಕೆಂದು ಶೆಲ್ಫ್ ಮಾಡಿಸಿದೆ. ಹಲಗೆ, ಬ್ರಾಕೆಟ್, ಸ್ಕ್ರೂ ಎಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಬಂದು ಗೋಡೆಗೆ ಕೆಂಪು ಚುಕ್ಕಿಯ ಬೆಳಕು ಬಿಟ್ಟು ಅಳತೆ ತೆಗೆದರು, ಮೆಷಿನ್ನಿನಲ್ಲಿ ಕತ್ತರಿಸಿ ತಂದರು. ಒಂದು ಕಾಗದವೂ ತೂರದ ಹಾಗೆ ಕೂತವು. ಒಂದು ಗಂಟೆಯ ಕೆಲಸ. ಯಾರೂ ಬೈಸಿಕೊಳ್ಳಲಿಲ್ಲ, ಯಾರೂ ತಪ್ಪು ಒಪ್ಪಿಕೊಳ್ಳಬೇಕಾಗಲಿಲ್ಲ. ಚೆನ್ನಾಗಿದೆ. ಮೂಸಿ ನೋಡಿದರೆ ಅಂಟಿನ ವಾಸನೆ ಬರುತ್ತದೆ.

ಅಮ್ಮ ಕೊನೆಯದಾಗಿ ನನಗೆ ಹೊಲಿದುಕೊಟ್ಟ ಹಸಿರು ರವಿಕೆಯೊಂದಿದೆ. ಒಳಗೆ ಒಂದರ ಪಕ್ಕ ಒಂದು ನಾಲ್ಕು ಸಾಲು ಹೊಲಿಗೆ ಹಾಕಿದ್ದಳು. ನಾನು ದಪ್ಪಗಾದ ಹಾಗೆಲ್ಲ ಒಂದೊಂದು ಸಾಲು ಬಿಚ್ಚಿಕೊಳ್ಳುತ್ತ ಬಂದೆ. ಬಿಚ್ಚಿದಾಗಲೆಲ್ಲ ಒಳಗಿನಿಂದ ಒಂದು ಎಳೆ ಹೊಸ ಹಸಿರು ಹೊರಗೆ ಬರುತ್ತಿತ್ತು, ಉಳಿದದ್ದು ಮಾಸಿದ್ದರೂ. ಕಳೆದ ತಿಂಗಳು ಸಂಬಂಧಿಕರ ಮದುವೆಗೆ ಹೊರಡುವಾಗ ಅದು ಮತ್ತೆ ಬಿಗಿಯಾಯಿತು. ಬ್ಲೇಡು ಹಿಡಿದು ಕಿಟಕಿಯ ಬೆಳಕಿಗೆ ಕೂತು ನಿಧಾನವಾಗಿ ಎರಡೂ ಪಕ್ಕ ಬಿಚ್ಚಿದೆ. ಅದು ಮೂರನೆಯ ಸಾಲು, ಉಳಿದದ್ದು ಅಂಚಿನ ಸಾಲೊಂದೇ. ಒಳಗೆ ಇನ್ನು ಬಟ್ಟೆ ಇಲ್ಲ.